ಖಾಲಿ ತೊಟ್ಟಿಲುಗಳ ಉದ್ಘಾಟನೆ

ರಾಷ್ಟ್ರದ ಭವಿಷ್ಯವು ತೊಟ್ಟಿಲುಗಳಲ್ಲಿ ಮಲಗಿದೆ. ಬಹಳ ಗಂಭೀರವಾದ ಈ ಮಾತನ್ನು ಎಪ್ಪತ್ತರ ದಶಕದ ಒಂದು ಬೆಳಿಗ್ಗೆ, ಹಿರಿಯೂರಿನಲ್ಲಿ, ಶಾಮಿಯಾನದ ಕೆಳಗೆ, ಸೇವಂತಿಗೆ ಹಾರದ ಭಾರಕ್ಕೆ ತುಸು ಬಾಗಿ ನಿಂತಿದ್ದ ಮುಖ್ಯ ಅತಿಥಿಗಳ ಬಾಯಿಂದ ನಾನು ಕೇಳಿದೆ. ಅದಾದ ಮೇಲೆ ಎಷ್ಟೋ ವಾರ ನಮ್ಮ ತೊಟ್ಟಿಲುಗಳಲ್ಲಿ ಮಲಗಿದ್ದು ಒಂದು ಬೆಕ್ಕು ಮಾತ್ರ. ಅದಕ್ಕೂ ರಾಷ್ಟ್ರದ ಭವಿಷ್ಯಕ್ಕೂ ಇದ್ದ ಸಂಬಂಧವನ್ನು ಯಾರೂ ವಿವರಿಸಲಿಲ್ಲ.

ನಾನು ಆಗ ಹಿರಿಯೂರಿನ ಒಂದು ಸರ್ಕಾರಿ ತರಬೇತಿ ಕೇಂದ್ರದ ಮೇಲ್ವಿಚಾರಕ. ಅದಕ್ಕೆ ಮುಂಚೆ ಹೊಳಲ್ಕೆರೆಯಲ್ಲಿ ಗುಮಾಸ್ತನಾಗಿದ್ದೆ. ಆಮೇಲೆ ಹೊಸದುರ್ಗದಲ್ಲಿ ಅದೇ ಗುಮಾಸ್ತನಾಗಿ, ಆದರೆ ಕೈಯಿರುವ ಕುರ್ಚಿಯಲ್ಲಿ ಕೂತಿದ್ದೆ. ಕೇಂದ್ರವೆಂದರೆ ಹಿಂದೆ ಅರಳೆ ಗೋದಾಮಾಗಿದ್ದ ಉದ್ದನೆಯ ಕಟ್ಟಡ. ಗಾಳಿ ಬೀಸಿದಾಗ ತೊಲೆಗಳ ಸಂದಿಯಿಂದ ಹಳೆಯ ಹತ್ತಿ ಇನ್ನೂ ಉದುರುತ್ತಿತ್ತು; ಮಧ್ಯಾಹ್ನದ ಹೊತ್ತಿಗೆ ಎಲ್ಲರ ತಲೆಯೂ ನರೆತಂತೆ ಕಾಣುತ್ತಿತ್ತು. ಅಲ್ಲಿ ಹೆಂಗಸರಿಗೆ ರೀಲಿಂಗ್ ಕಲಿಸುತ್ತಿದ್ದೆವು. ಕಂಡಿಕೆಯೆಂಬ ಸಣ್ಣ ಕೊಳವೆಯಲ್ಲಿರುವ ನೂಲನ್ನು ದೊಡ್ಡ ರಾಟೆಗೆ ಸುತ್ತಿ, ಲಡಿಯಾಗಿ ಕಟ್ಟಿ ಇಳಿಸುವ ಕೆಲಸ. ಹೇಳುವುದಕ್ಕೆ ಒಂದೇ ವಾಕ್ಯ. ಮಾಡುವುದಕ್ಕೆ, ಸಾಲಾಗಿ ಓಡುವ ಎಳೆಗಳಲ್ಲಿ ಯಾವುದು ಹರಿಯಿತೆಂದು ಹರಿದ ಕ್ಷಣವೇ ಕಾಣುವ ಕಣ್ಣು ಬೇಕು. ರಾಟೆ ನಿಲ್ಲಿಸಿ, ಎಳೆ ಕೂಡಿಸಿ, ಮತ್ತೆ ಓಡಿಸುವ ಕೈ ಬೇಕು. ಇವೆರಡೂ ಸಂಜೆವರೆಗೆ ನಿದ್ದೆ ಹೋಗದಿರಬೇಕು.

ನಮ್ಮ ಕೇಂದ್ರದಿಂದ ಕೂಗಳತೆಯಲ್ಲಿ ಒಂದು ನೂಲಿನ ಗಿರಣಿ ಇತ್ತು. ನಾವು ಕಲಿಸುವುದು, ಅವರು ಪರೀಕ್ಷೆ ಮಾಡಿ ಕೆಲಸಕ್ಕೆ ತೆಗೆದುಕೊಳ್ಳುವುದು ಎಂದು ಮಾತಾಗಿತ್ತು. ಒಪ್ಪಂದ ಚೆನ್ನಾಗಿಯೇ ನಡೆಯುತ್ತಿತ್ತು, ಒಂದು ವಿಷಯ ಬಿಟ್ಟು. ಗಿರಣಿಯ ರೀಲಿಂಗ್ ವಿಭಾಗದ ಮೇಸ್ತ್ರಿ ಕಂಕುಳಲ್ಲಿ ಕೂಸಿರುವ ಹೆಂಗಸನ್ನು ತೆಗೆದುಕೊಳ್ಳುತ್ತಿರಲಿಲ್ಲ. ಮೇಸ್ತ್ರಿ ದುರ್ಗದ ಪೇಟೆಯವರು, ಖಾಕಿ ಕೋಟು, ಕಿವಿಯ ಮೇಲೆ ಪೆನ್ಸಿಲು.

"ಖಾಯಂ ಕೆಲಸ ಅಂದ್ರೆ ತಮಾಷೆ ಅಲ್ಲ ಸಾರ್," ಎನ್ನುತ್ತಿದ್ದರು. "ಮಗು ಇರೋಳು ಇವತ್ತು ಬರ್ತಾಳೆ, ನಾಳೆ ಮಗೂಗೆ ಜ್ವರ ಅಂತಾಳೆ. ಜ್ವರ ಮಗೂಗೆ, ರಜಾ ನನ್ನ ಮಷೀನಿಗೆ."

ಗಿರಣಿಯಲ್ಲಿ ಶಿಶುವಿಹಾರ ಎಂದು ಫಲಕ ಹಾಕಿದ್ದ ಒಂದು ಕೋಣೆ ಇದ್ದದ್ದು ನಿಜ. ಕಾನೂನು ಕೇಳಿತ್ತು, ಅವರು ಕಟ್ಟಿದ್ದರು. ಒಳಗೆ ಕಂಡಿಕೆಗಳು ಮಲಗಿದ್ದವು, ಅಳದೆ.

ಆದ್ದರಿಂದ ನಾವೇ ಒಂದು ಶಿಶುವಿಹಾರ ಮಾಡಲು ಮಂಜೂರಾತಿ ತರಿಸಿದೆವು. ಗೋದಾಮಿನ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿದೆವು. ಭರಮಸಾಗರದ ಕಡೆಯ ಒಬ್ಬ ಆಯಾ ಬಂದರು: ವಿಭೂತಿ, ಬಿಳಿ ಸೀರೆ, ಸುಮ್ಮನಿದ್ದಾಗಲೂ ಯಾರಿಗೋ ಬುದ್ಧಿ ಹೇಳುತ್ತಿರುವಂಥ ಮುಖ. ತೊಟ್ಟಿಲುಗಳನ್ನು ಹೊಳಲ್ಕೆರೆಯ ನನ್ನ ಹಳೆಯ ಪರಿಚಯದ ಬಡಗಿಯಿಂದ ಮಾಡಿಸಿದೆ. ಅವನು ಲಾರಿಯಿಂದ ತೊಟ್ಟಿಲುಗಳನ್ನು ಇಳಿಸಿ, ಒಂದೊಂದನ್ನೂ ತಟ್ಟಿ ಹೇಳಿದ: "ಸಾರ್, ಇದರಾಗೆ ಮಗು ಮಾತು ಬಿಡ್ರಿ, ಮಗೂನ ಅಪ್ಪನ್ನ ಮಲಗಿಸಿದ್ರೂ ಸರಪಳಿ ಕಮಕ್ ಕಿಮಕ್ ಅನ್ನಲ್ಲ."

ಉದ್ಘಾಟನೆಯ ಪೂರ್ವಸಿದ್ಧತಾ ಸಭೆ ದುರ್ಗದ ಜಿಲ್ಲಾ ಕಚೇರಿಯಲ್ಲಿ ನಡೆಯಿತು. ಅಲ್ಲಿ ಬಹಳ ಹೊತ್ತು ಚರ್ಚೆಯಾದದ್ದು ಮಕ್ಕಳನ್ನು ಎಲ್ಲಿ ಇಡುವುದು ಎಂಬುದು. ಮಕ್ಕಳು ಭಾಷಣದ ನಡುವೆ ಅಳುತ್ತವೆ. ಅದಕ್ಕಿಂತ ಮುಖ್ಯವಾಗಿ, ಗಣ್ಯರು ಎತ್ತಿಕೊಂಡಾಗಲೇ ಉಚ್ಚೆ ಹೊಯ್ಯುತ್ತವೆ. ಹಿಂದೆ ಎಲ್ಲಿಯೋ ಹಾಗಾಗಿ ಒಬ್ಬರ ವರ್ಗಾವಣೆಯೇ ಆಗಿತ್ತಂತೆ. ಹೀಗಾಗಿ ಶಿಶುವಿಹಾರದ ಉದ್ಘಾಟನೆಯನ್ನು ಶಿಶುಗಳಿಲ್ಲದೆ ನೆರವೇರಿಸುವುದೆಂದೂ, ತಾಯಂದಿರು ಮಕ್ಕಳೊಂದಿಗೆ ಹೊರಗಡೆ ನೆರಳಿನಲ್ಲಿ ಕೂರುವುದೆಂದೂ ತೀರ್ಮಾನವಾಯಿತು. ರಿಬ್ಬನ್ ಕತ್ತರಿಸುವುದು ಹಳತಾಯಿತು, ಮುಖ್ಯ ಅತಿಥಿಗಳು ತೊಟ್ಟಿಲು ತೂಗಿ ಉದ್ಘಾಟಿಸಿದರೆ ಹೊಸದಾಗಿರುತ್ತದೆ ಎಂದು ಯಾರೋ ಸೂಚಿಸಿದರು. ಎಲ್ಲರೂ ಮೆಚ್ಚಿ ತಲೆದೂಗಿದರು.

ಖಾಲಿ ತೊಟ್ಟಿಲು ತೂಗಬಾರದು, ತೂಗಿದರೆ ಕೂಸಿಗೆ ಕೇಡು ಎಂದು ನಮ್ಮ ಕಡೆ ತೊಟ್ಟಿಲಿನಿಂದ ಇಳಿದ ಪ್ರತಿಯೊಬ್ಬರಿಗೂ ಗೊತ್ತು. ಆ ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮುಖ್ಯ ಅತಿಥಿಗಳಿಗೂ ಗೊತ್ತಿದ್ದೀತು; ಅವರ ಮನೆಯಲ್ಲಿ ಯಾರಾದರೂ ಬರಿದೊಟ್ಟಿಲು ತೂಗಿದ್ದರೆ ಕೈಮೇಲೆ ಒಂದು ಬಿಡುತ್ತಿದ್ದರು. ಆದರೆ ಸರ್ಕಾರಿ ತೊಟ್ಟಿಲಿಗೂ ಈ ನಿಯಮ ಅನ್ವಯಿಸುತ್ತದೆಂದು ಒಬ್ಬರಿಗೂ ಹೊಳೆಯಲಿಲ್ಲ. ಮನೆಯದು ಮನೆಗೆ, ಇಲಾಖೆಯದು ಇಲಾಖೆಗೆ.

ಅತಿಥಿಗಳು ಒಂದು ತೊಟ್ಟಿಲು ತೂಗಿದರು. ಚಪ್ಪಾಳೆ. ಜವನಗೊಂಡನಹಳ್ಳಿಯಿಂದ ಕರೆಸಿದ್ದ ಫೋಟೋದವನು ಕರಿಬಟ್ಟೆಯೊಳಗಿಂದ ತಲೆ ತೆಗೆದು, "ಇನ್ನೊಂದು ಸಲ ಸಾರ್, ಸ್ವಲ್ಪ ಜೋರಾಗಿ," ಎಂದ. ಅವರು ಉತ್ಸಾಹದಿಂದ ಎಲ್ಲ ತೊಟ್ಟಿಲನ್ನೂ ತೂಗಿಬಿಟ್ಟರು. ಸುಣ್ಣದ ವಾಸನೆಯ ಆ ಕೋಣೆಯಲ್ಲಿ ಖಾಲಿ ತೊಟ್ಟಿಲುಗಳ ಒಂದು ಸಾಲು, ಎಡಕ್ಕೂ ಬಲಕ್ಕೂ, ಬಹಳ ಹೊತ್ತು ತೂಗಾಡಿತು. ಬಡಗಿಯ ಕೆಲಸ ಅಷ್ಟು ನಯವಾಗಿತ್ತು. ಕಿಟಕಿಯ ಹೊರಗೆ ಕೂಸು ಎತ್ತಿಕೊಂಡು ನಿಂತಿದ್ದ ತಾಯಂದಿರು ಅದನ್ನೇ ನೋಡುತ್ತಿದ್ದರು. ಒಬ್ಬಳು ಸೆರಗಿನಿಂದ ಮಗುವಿನ ಮುಖ ಮುಚ್ಚಿದಳು. ಲಾಡು ಹಂಚುವ ಹೊತ್ತಿಗೆ ಅವರಲ್ಲಿ ಒಬ್ಬರೂ ಉಳಿದಿರಲಿಲ್ಲ.

ಮಾರನೆಯ ದಿನ ಮಕ್ಕಳಿಲ್ಲದವರು ಮಾತ್ರ ತರಬೇತಿಗೆ ಬಂದರು. ಆಯಾ ಬಾಗಿಲಲ್ಲಿ ಕೂತು ಕಾದರು. ನಾನು ಗಡಿಯಾರ ನೋಡಿದೆ. ಬೆಕ್ಕು ಬಂದಿತು.

ಬರದೆ ಉಳಿದವರಲ್ಲಿ ನನಗೆ ಬಹಳ ಕಳವಳವಾದದ್ದು ಒಬ್ಬಳ ಬಗ್ಗೆ. ಬಾಗೂರಿನ ಕಡೆಯಿಂದ ಹಿರಿಯೂರಿಗೆ ಮದುವೆಯಾಗಿ ಬಂದವಳು. ಎಲ್ಲರೂ ಬಾಗೂರಿನವಳು ಎಂದೇ ಕರೆಯುತ್ತಿದ್ದರು. ಕುರಿ ಸಾಕುವ ಮನೆ. ಚಿಕ್ಕಂದಿನಿಂದ ಕಂಬಳಿಗೆ ಉಣ್ಣೆ ನೂತು ಬೆಳೆದವಳಾದ್ದರಿಂದ ಎಳೆ ಎಂಬ ವಸ್ತು ಅವಳಿಗೆ ಹೊಸದಾಗಿರಲಿಲ್ಲ. ರಾಟೆಯ ಮುಂದೆ ನಿಂತರೆ ಅವಳ ಲಡಿಗಳನ್ನು ಬೋಧಕಿ ಬೇರೆಯವರಿಗೆ ಮಾದರಿಯಾಗಿ ಗೋಡೆಗೆ ನೇತುಹಾಕುತ್ತಿದ್ದರು. ಮಗು ಇನ್ನೂ ಅಂಬೆಗಾಲು ಇಡದ ಗಂಡುಕೂಸು.

ಮಧ್ಯಾಹ್ನ ಅವಳು ಕೂಸನ್ನು ಎತ್ತಿಕೊಂಡು ಬಂದು ಗೇಟಿನ ಆಚೆಯೇ ನಿಂತಳು.

"ಒಳಕ್ಕೆ ಬಾರಮ್ಮ," ಎಂದೆ.

"ಬ್ಯಾಡ ಮೇಷ್ಟ್ರೇ. ಅತ್ತೆ ನೋಡಿದ್ರೆ ಬೈತಾಳೆ. ಆ ಕೋಣೆ ನೆಳ್ಳು ಕೂಸಿನ ಮ್ಯಾಗೆ ಬೀಳಬಾರ್ದಂತೆ."

"ಹಾಗಾದರೆ ಅತ್ತೆಯೇ ಮನೆಯಲ್ಲಿ ನೋಡಿಕೊಳ್ಳಲಿ."

"ಅವಳು ಕಡಲೆಕಾಯಿ ಬಿಡ್ಸೋಕೆ ಕೂಲಿಗೆ ಹೋಗ್ತಾಳೆ. ಮತ್ತೆ ಇದುಕ್ಕೆ ಹಾಲು ಕುಡ್ಸೋರು ಯಾರು, ನೀವಾ?"

ಅವಳು ತಗ್ಗಿದ ದನಿಯಲ್ಲಿ ಮುಂದುವರಿಸಿದಳು.

"ಸಂಕ್ರಾಂತಿ ಆದೇಟಿಗೆ ನಮ್ಮೋರು ಕುರಿ ಹೊಡ್ಕಂಡು ಕಾಲುವೆ ಸೀಮೆಗೆ ಹೋಗ್ತಾರೆ. ಗಿರಣಿ ಕೆಲಸ ಸಿಕ್ರೆ ನೀನು ಇಲ್ಲೇ ಇರು ಅಂದವ್ನೆ ನನ್ನ ಗಂಡ. ಸಿಗಲಿಲ್ಲ ಅಂದ್ರೆ ನಾನೂ ಹೋಗ್ಬೇಕು. ಹೋದ ವರ್ಸ ಇದ್ನ ಹೊಟ್ಟ್ಯಾಗೆ ಇಟ್ಕಂಡು ನಡ್ದಿದೀನಿ. ಈ ಸಲ ಕಂಕ್ಳಾಗೆ ಇಟ್ಕಂಡು ನಡೀಬೇಕು. ಅಷ್ಟೇ ಮೇಷ್ಟ್ರೇ, ಬ್ಯಾರೇನಿಲ್ಲ."

ಅಷ್ಟೇ ಎಂದದ್ದು ಏನೆಂದರೆ, ಬೇಸಿಗೆ ಮುಗಿಯುವವರೆಗೆ ಕತ್ತೆಯ ಮೇಲೆ ಪಾತ್ರೆಪಗಡ ಹೇರಿ, ಪರರ ಗದ್ದೆಯಲ್ಲಿ ಮಂದೆ ನಿಲ್ಲಿಸಿ, ದಿನಕ್ಕೊಂದು ಕಡೆ ಒಲೆ ಹೂಡುವುದು. ಅವಳ ಅತ್ತೆ ಹಾಗೆಯೇ ಬದುಕಿದವಳು, ಅತ್ತೆಯ ಅತ್ತೆಯೂ. ಇವಳು ಒಂದೇ ಸೂರಿನ ಕೆಳಗೆ ಒಂದೇ ಒಲೆ ಹಚ್ಚಬೇಕೆಂದು ಹಟ ಹಿಡಿದಿದ್ದಳು. ಆ ಹಟದ ದಾರಿ ನಮ್ಮ ತೊಟ್ಟಿಲಿನ ಮೂಲಕ ಹಾದುಹೋಗಿತ್ತು.

ಮೇಸ್ತ್ರಿಗೂ ಸುದ್ದಿ ಮುಟ್ಟಿತು. ಚಹಾದ ಅಂಗಡಿಯಲ್ಲಿ ಸಿಕ್ಕಿದಾಗ ನಗುತ್ತಾ ಹೇಳಿದರು: "ಮಗು ಇರೋರನ್ನೂ ತಗಳ್ರಿ ಅಂತ ನನ್ನ ತಲೆ ತಿಂದ್ರಲ್ಲ ಸಾರ್. ಸಂಕ್ರಾಂತಿ ಹಿಂದಿನ ವಾರ ಒಂದಿನ ಪೂರ್ತಿ ಬಂದು ಕೂರ್ತೀನಿ. ಮಗು ತೊಟ್ಲಾಗೆ, ತಾಯಿ ಮಷೀನ್ ಮುಂದೆ ಇದ್ರೆ ತಗಳ್ತೀನಿ. ಇಲ್ಲಾಂದ್ರೆ ಮುಂದೆ ಈ ಮಾತೇ ಎತ್ತಬ್ಯಾಡ್ರಿ."

"ಆಗಲಿ," ಎಂದೆ. ಸರ್ಕಾರಿ ನೌಕರನಿಗೆ ಆತ್ಮವಿಶ್ವಾಸಕ್ಕೆ ಮಂಜೂರಾತಿ ಬೇಕಾಗಿಲ್ಲ.

ಮೊದಲು ವಿಜ್ಞಾನದ ಮಾರ್ಗ ಹಿಡಿದೆವು. ದುರ್ಗದಿಂದ ಬಂದ, ಓದಿದ ಹೆಣ್ಣುಮಗಳಾದ ನಮ್ಮ ಬೋಧಕಿ ತಾಯಂದಿರನ್ನು ಬೇವಿನಮರದ ಕೆಳಗೆ ಕೂರಿಸಿ ಗಡಿಯಾರದ ಲೋಲಕಕ್ಕೂ ತೊಟ್ಟಿಲಿಗೂ ಹೋಲಿಸಿ ಅಚ್ಚುಕಟ್ಟಾಗಿ ವಿವರಿಸಿದರು. ಖಾಲಿಯಾಗಿ ತೂಗಿದರೂ ಒಂದೇ, ತುಂಬಿ ತೂಗಿದರೂ ಒಂದೇ ಎಂದರು. ಎಲ್ಲರೂ ಶ್ರದ್ಧೆಯಿಂದ ಕೇಳಿದರು. ಕೊನೆಗೆ ಒಬ್ಬಳು ಕೇಳಿದಳು: "ನಿಮ್ಮನೇಲಿ ತೂಗ್ತೀರೇನಮ್ಮ?"

ಬೋಧಕಿ ಬೇವಿನಮರ ನೋಡುತ್ತಾ, "ಇಲ್ಲ," ಎಂದರು. ಪ್ರಾಮಾಣಿಕ ಹೆಂಗಸು. ಉಪನ್ಯಾಸ ಅಲ್ಲಿಗೆ ಮುಕ್ತಾಯವಾಯಿತು.

ಎರಡನೆಯದಾಗಿ ಆಡಳಿತದ ಮಾರ್ಗ. ಪೋಸ್ಟಾಫೀಸಿನಿಂದ ದುರ್ಗಕ್ಕೆ ಟ್ರಂಕ್ ಕಾಲ್ ಮಾಡಿ, ಮಕ್ಕಳನ್ನು ಮಲಗಿಸಿ ಇನ್ನೊಮ್ಮೆ ಸಣ್ಣದಾಗಿ ಉದ್ಘಾಟನೆ ಮಾಡಿದರೆ ಹೇಗೆ ಎಂದು ವಿಚಾರಿಸಿದೆ. ಆ ತುದಿಯವರು ಕೂಗಿದರು: "ಉದ್ಘಾಟನೆ ಆಗಿರೋದನ್ನ ಮತ್ತೆ ಉದ್ಘಾಟನೆ ಮಾಡೋಕೆ ಅವಕಾಶ ಇಲ್ಲರೀ! ಬೇಕಾದ್ರೆ ಮುಕ್ತಾಯ ಸಮಾರಂಭ ಮಾಡಿ!"

ಮೂರನೆಯ ಮಾರ್ಗ ಆಯಾ ಅವರದು. "ಅವಳತ್ತೆ ಒಪ್ಪಿದ್ರೆ ಉಳಿದೋರು ಒಪ್ತಾರೆ," ಎಂದರು. "ಆ ಕೇರಿಯಾಗೆ ಅವಳ ಮಾತೇ ಮಾತು. ನಡೀರಿ ಹೋಗಾಣ. ನೀವು ಮಾತ್ರ ಬಾಯಿ ಬಿಡಬ್ಯಾಡ್ರಿ."

ಹೋದೆವು. ಬಾಗೂರಿನವಳ ಅತ್ತೆ ಕೂಲಿಯಿಂದ ಬಂದು ಜಗಲಿಯ ಮೇಲೆ ಕೂತು ಕದಿರು ತಿರುಗಿಸುತ್ತಾ ಉಣ್ಣೆ ನೂಲುತ್ತಿದ್ದಳು. ಒಣಗಿದ ಗಟ್ಟಿ ಮೈ, ದನಿ ಮಂದೆಯಾಚೆಗೂ ಕೇಳುವಂಥದ್ದು. ಸೊಸೆ ಒಳಗಿನ ಬಾಗಿಲಲ್ಲಿ ಕೂಸಿನೊಂದಿಗೆ ನಿಂತಳು.

"ಕುಂತ್ಕಳ್ರಿ ಮೇಷ್ಟ್ರೇ," ಎಂದು ಕಂಬಳಿ ಹಾಸಿದಳು. ಆಮೇಲೆ, ನನಗೆ ತೋರಿದ ಗೌರವ ಸಾಕಾಯಿತೆಂಬಂತೆ, ಆಯಾ ಅವರ ಕಡೆ ತಿರುಗಿದಳು. "ಏನಕ್ಕ, ಬರಿದೊಟ್ಲು ತೂಗ್ಸಿದ್ದೂ ಅಲ್ದೆ ಕೂಸು ಕೇಳೋಕೂ ಬಂದ್ರಾ?"

"ನಾನ್ ತೂಗ್ಲಿಲ್ಲವ್ವ. ದೊಡ್ಡೋರು ತೂಗಿದ್ರು."

"ದೊಡ್ಡೋರಿಗೆ ಬುದ್ಧಿ ಬ್ಯಾಡ್ವಾ? ಕೂಸಿಲ್ದ ತೊಟ್ಲು ತೂಗೋದು ಅಂದ್ರೆ ಏನರ್ಥ? ಬಾಯಿಬಿಟ್ಟು ಹೇಳ್ಲಾ?"

"ಬ್ಯಾಡ," ಎಂದರು ಆಯಾ ಗಡಿಬಿಡಿಯಿಂದ. ಸೊಸೆಯೂ ಕೂಸನ್ನು ಎದೆಗೆ ಒತ್ತಿಕೊಂಡಳು. ಆಯಾ ಎಲೆಅಡಿಕೆ ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರುತ್ತಾ ಯಾರಿಗೂ ಅಲ್ಲವೆಂಬಂತೆ ಹೇಳಿದರು: "ನಮ್ ಭರಮಸಾಗರದಾಗೆ ಆಗಿದ್ರೆ ಇದುಕ್ಕೊಂದು ದಾರಿ ಮಾಡ್ತಿದ್ರಪ್ಪ. ಈ ಕಡೆ ಹಿರೇರಿಗೆ ಗೊತ್ತಿಲ್ಲ ಅಂತ ಕಾಣುತ್ತೆ. ಬರ್ರಿ ಮೇಷ್ಟ್ರೇ."

ಕದಿರು ನಿಂತಿತು.

"ಯಾರಿಗ್ ಗೊತ್ತಿಲ್ಲ?"

"ಬಿಡವ್ವ, ಬ್ಯಾಸ್ರ ಮಾಡ್ಕಬ್ಯಾಡ. ಗೊತ್ತಿರೋರಿಗೆ ಗೊತ್ತಿರುತ್ತೆ."

"ಲೇ, ನಿಮ್ಮೂರ ಕೆರೆ ನೀರು ಕುಡಿದ್ರೇನೆ ಗೊತ್ತಾಗೋದಾ? ಹುಡುಗ್ರು ಆಟ ಆಡ್ತಾ ಬರಿದೊಟ್ಲು ತೂಗಿದ್ರೆ ನಾವೇನು ತೊಟ್ಲು ಸುಟ್ಟಾಕ್ತೀವಾ? ಗುಂಡಪ್ಪನ್ನ ಹಾಕಿ ತೂಗ್ತೀವಿ. ಕೂಸಿಗೆ ಅವ್ನೇ ಅಣ್ಣ. ಬರೋದೆಲ್ಲ ಅಣ್ಣಂಗೆ ಬಂದೋಗ್ಲಿ ಅಂತ."

ಆಯಾ ಅವರ ಮುಖ ಗೆದ್ದ ಲಕ್ಷಣವನ್ನೇನೂ ತೋರಲಿಲ್ಲ. "ಅದೇ ಅಂತೀನಿ ನಾನೂ," ಎಂದರು.

ಓದುಗರಿಗೆ ಗುಂಡಪ್ಪನ ಪರಿಚಯ ಹೇಳಬೇಕೆಂದರೆ ಆತ ಒರಳಿನಲ್ಲಿ ರುಬ್ಬುವ ಗುಂಡುಕಲ್ಲು. ನಾಮಕರಣದ ದಿನ ಕೂಸಿಗಿಂತ ಮೊದಲು ಅವನನ್ನು ತೊಳೆದು, ಎಣ್ಣೆ ಅರಿಸಿನ ಹಚ್ಚಿ, ಕುಲಾವಿ ತೊಡಿಸಿ ತೊಟ್ಟಿಲಿಗೆ ಹಾಕುತ್ತಾರೆ. ಮನೆಯ ಹಿರಿಯ ಮಗನ ಸ್ಥಾನ. ಬೆಳಿಗ್ಗೆ ಹೊತ್ತಿಗೆ ಮತ್ತೆ ಚಟ್ನಿ ರುಬ್ಬುತ್ತಿರುತ್ತಾನೆ.

ನಾನು ಆಯಾ ವಿಧಿಸಿದ್ದ ಮೌನವನ್ನು ಇಲ್ಲಿ ಮುರಿದೆ. "ಹಾಗಾದರೆ ಒಂದು ಗುಂಡುಕಲ್ಲು ತಂದು ಎಲ್ಲ ತೊಟ್ಟಿಲಿಗೂ ಸರದಿಯ ಮೇಲೆ ಹಾಕಿದರೆ ಆಯಿತಲ್ಲ?"

ಇಬ್ಬರು ಹೆಂಗಸರೂ ಮೊದಲ ಸಲ ಒಂದೇ ಪಕ್ಷವಾಗಿ ನನ್ನನ್ನು ನೋಡಿದರು.

"ಎಲ್ಲಾ ಮನೆ ಕೂಸಿಂದೂ ಒಬ್ನೇ ಹೊರ್ತಾನಾ ಮೇಷ್ಟ್ರೇ?" ಎಂದಳು ಅತ್ತೆ. "ಅವರವರ ಮನೆ ಅಣ್ಣ ಅವರವರಿಗೆ. ಎಲ್ರೂ ತಂತಮ್ಮ ಗುಂಡು ತರ್ಲಿ. ಗುಗ್ಗರಿ ಆಗ್ಬೇಕು. ಎಲ್ಡು ಹಾಡಾದ್ರೂ ಹೇಳ್ಬೇಕು. ಮತ್ತೆ ನಾನೇ ಮುಂದೆ ನಿಂತು ಮಾಡಿಸ್ತೀನಿ. ಈ ಭರಮಸಾಗರದ ಅಕ್ಕ ಅಲ್ಲ."

"ನೀನೇ ನಿಂತ್ಕಳವ್ವ ತಾಯಿ," ಎಂದರು ಆಯಾ.

"ಆಮೇಲೂ ಒಂದ್ ಮಾತೈತೆ. ಗುಂಡಪ್ಪ ಕಲ್ಲು, ಅವ್ನಿಗೆ ಕಣ್ಣಿಲ್ಲ. ಕೂಸಿನ್ನ ಯಾರ್ ನೋಡ್ತಾರೆ? ಈ ಅಕ್ಕ ಒಬ್ಳು ಅಷ್ಟು ಮಕ್ಳನ್ನ ನೋಡ್ತಾಳಾ? ನಾನು ಅಲ್ಲಿ ಇದ್ರೆ ಆದೀತು. ಕೂಲಿ ಬಿಟ್ಟು ಪುಕ್ಸಟ್ಟೆ ಹೆಂಗಿರ್ಲಿ?"

ಸೊಸೆ ಬಾಗಿಲಿಂದ, "ಅತ್ತೆ, ಅದೂ ಒಂದ್ ಕೆಲಸಾನೇ," ಎಂದಳು, ಮೆಲ್ಲಗೆ, ಆದರೆ ನನಗೆ ಕೇಳುವಷ್ಟು. ನೋಡಿದ್ದು ಅತ್ತೆಯನ್ನಲ್ಲ, ನನ್ನನ್ನು.

ಮಂಜೂರಾತಿಯಲ್ಲಿ ಆಯಾಗೆ ಒಬ್ಬ ಸಹಾಯಕಿಯ ಹುದ್ದೆ ಇತ್ತು, ಖಾಲಿಯೂ ಇತ್ತು. ಮಕ್ಕಳೇ ಇಲ್ಲದ ಕೋಣೆಗೆ ಇಬ್ಬರೇಕೆಂದು ತುಂಬಿರಲಿಲ್ಲ. ಓದುಬರಹ ಬೇಕೆಂದು ನಿಯಮದಲ್ಲಿರಲಿಲ್ಲ. ಮಕ್ಕಳನ್ನು ಸಾಕಿದ ಅನುಭವ ಬೇಕೆಂದು ಇತ್ತು. ಕೆಲಸ ಕೊಡುವಾಗ ಸಂದರ್ಶನ ಕಡ್ಡಾಯವಾದ್ದರಿಂದ ಆ ಜಗಲಿಯ ಮೇಲೆಯೇ ಅದನ್ನು ನೆರವೇರಿಸಿದೆ.

"ಎಷ್ಟು ಮಕ್ಕಳನ್ನು ಸಾಕಿದ್ದೀರಿ?" ಎಂದು ಕೇಳಿದೆ.

ಅವಳು ಸ್ವಲ್ಪ ಯೋಚಿಸಿ, "ಮನುಸ್ರವಾ, ಕುರೀವಾ?" ಎಂದಳು.

ಅಭ್ಯರ್ಥಿಯ ಅನುಭವ ಅಗತ್ಯಕ್ಕಿಂತ ಹೆಚ್ಚಾಗಿದೆ ಎಂದು ಸಂದರ್ಶನ ಮುಗಿಸಿದೆ. ಶಿಫಾರಸು ದುರ್ಗಕ್ಕೆ ಹೋಯಿತು. ಅಲ್ಲಿ ಅದನ್ನು ಯಾರೂ ಓದದೆ ಒಪ್ಪಿದರು. ಆಡಳಿತದಲ್ಲಿ ಒಳ್ಳೆಯ ಕೆಲಸಗಳು ಆಗುವುದು ಬಹುಮಟ್ಟಿಗೆ ಹೀಗೆ.

ಮುಂದಿನ ಶುಕ್ರವಾರ ಹಿರಿಯೂರಿನ ರಸ್ತೆಯಲ್ಲಿ ಒಂದು ಮೆರವಣಿಗೆ ಬಂತು. ಒಂದು ಕಂಕುಳಲ್ಲಿ ಕೂಸು, ಇನ್ನೊಂದು ಕಂಕುಳಲ್ಲಿ ಗುಂಡುಕಲ್ಲು, ಇಬ್ಬರಿಗೂ ಕಾಡಿಗೆ. ಅತ್ತೆ ಎಲ್ಲರಿಗಿಂತ ಮುಂದೆ. ಬಸ್ ಸ್ಟ್ಯಾಂಡಿನ ಬಳಿ ಕೂತವರು ಎದ್ದು ನಿಂತರು. ಒಬ್ಬ ಕಂಡಕ್ಟರು ಸೀಟಿ ಊದಿ, "ಎಲ್ಲಿಗ್ರಮ್ಮಾ, ಕಲ್ಲು ಹೊತ್ಕಂಡು?" ಎಂದು ಕೂಗಿದ. "ಆಫೀಸಿಗೆ!" ಎಂದಳು ಅತ್ತೆ, ತಿರುಗಿಯೂ ನೋಡದೆ.

ಮಕ್ಕಳಿಗಿಂತ ಒಂದು ತೊಟ್ಟಿಲು ಹೆಚ್ಚಿಗೆ ಇತ್ತು. ಅದನ್ನು ಖಾಲಿ ಬಿಡುವಂತಿಲ್ಲವೆಂದು ಅತ್ತೆ ಆಣತಿ ಮಾಡಿದಳು. ಪಕ್ಕದ ಹೋಟೆಲಿನ ಒರಳಿನ ಗುಂಡನ್ನು ನಮ್ಮ ಜವಾನನೂ ಹೋಟೆಲಿನವನೂ ಸೇರಿ ಎತ್ತಿ ತಂದರು. ಊರಿಗೆಲ್ಲ ದೋಸೆ ಹಿಟ್ಟು ರುಬ್ಬಿದ ದೇಹ. "ಸಾಯಂಕಾಲ ಉದ್ದು ರುಬ್ಬಬೇಕು ಸಾರ್, ಬೇಗ ನಿದ್ದೆ ಮಾಡಿಸಿ ಕಳಿಸ್ರಿ," ಎಂದ ಹೋಟೆಲಿನವನು. ಆ ಗುಂಡನ್ನು ಮಲಗಿಸಿದಾಗ ತೊಟ್ಟಿಲು ನರಳಿತು, ಸರಪಳಿ ಬಿಗಿಯಿತು. ಏನೂ ಆಗಲಿಲ್ಲ. ಹೊಳಲ್ಕೆರೆಯ ಬಡಗಿ ಸುಳ್ಳು ಹೇಳುವವನಾಗಿರಲಿಲ್ಲ.

ಕಲ್ಲುಗಳಿಗೆ ಕುಲಾವಿ ಕಟ್ಟಿದರು. ತೊಟ್ಟಿಲಿನ ಒಂದು ಪಕ್ಕ ಆಯಾ, ಒಂದು ಪಕ್ಕ ಅತ್ತೆ ನಿಂತು ಗುಂಡಪ್ಪನನ್ನು ಕೆಳಗಿಂದ ದಾಟಿಸಿ ಮೇಲಿಂದ ತೆಗೆದುಕೊಂಡು ಮಲಗಿಸಿದರು. ದಾಟಿಸುವಾಗಲೂ ಜಗಳ ನಿಲ್ಲಲಿಲ್ಲ.

"ತಲೆ ಈ ಕಡೆ ಮಾಡವ್ವ."

"ಕಲ್ಲಿಗೆ ತಲೆ ಯಾವ ಕಡೆ ಐತೆ, ನೀನೇ ತೋರ್ಸು."

"ಕುಲಾವಿ ಕಟ್ಟಿರೋ ಕಡೆ ತಲೆ. ಭರಮಸಾಗರದಾಗೆ ಕಾಲಿಗೆ ಕಟ್ತಾರಾ?"

ಹಾಡಾಯಿತು. ಗುಗ್ಗರಿ ಹಂಚಿದರು. ಬೋಧಕಿಯೂ ಒಂದು ತೊಟ್ಟಿಲು ತೂಗಿದರು, ಲೋಲಕದ ಮಾತೆತ್ತದೆ. ಆಮೇಲೆ ಒಬ್ಬೊಬ್ಬ ಅಣ್ಣನನ್ನೂ ಎಬ್ಬಿಸಿ ತೊಟ್ಟಿಲ ಕೆಳಗೆ ನೆಲದ ಮೇಲೆ ಕೂರಿಸಿ, ಆ ಜಾಗಕ್ಕೆ ತಮ್ಮನನ್ನೋ ತಂಗಿಯನ್ನೋ ಮಲಗಿಸಿದರು. ಬಾಗೂರಿನವಳ ಮಗ ಕಾಲು ಮೇಲೆತ್ತಿ ಸರಪಳಿಯನ್ನು ನೋಡಿದ, ಒಮ್ಮೆ ಕೂಗಿದ, ನಿದ್ದೆ ಹೋದ. ಅವಳು ಅಲ್ಲಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಕೈ ತೊಳೆದು ನೇರ ರಾಟೆಯ ಮುಂದೆ ಹೋಗಿ ನಿಂತಳು. ಕಳೆದುಹೋದ ವಾರಗಳಲ್ಲಿ ಅವಳ ಕೈ ಕೆಲಸವನ್ನು ಮರೆತಿರಲಿಲ್ಲ, ಆದರೂ ಬೆರಳು ಒಗ್ಗಲು ಕೆಲವು ದಿನ ಬೇಕಾದವು. ಸಂಜೆ ಎಲ್ಲರೂ ಹೋದ ಮೇಲೂ ಅವಳ ಯಂತ್ರದ ಸದ್ದು ಕೇಳುತ್ತಿತ್ತು, ಅತ್ತೆ ಮೊಮ್ಮಗನನ್ನು ಎತ್ತಿಕೊಂಡು ಬಾಗಿಲಲ್ಲಿ ಕಾಯುತ್ತಾ, "ನೂಲೆಲ್ಲ ಇವತ್ತೇ ಮುಗಿಸಿ ಗಿರಣಿ ಮುಚ್ಚಿಸ್ತೀಯೇನೇ?" ಎನ್ನುತ್ತಿದ್ದಳು.

ಮೇಸ್ತ್ರಿ ಹೇಳಿದ ವಾರದಲ್ಲಿಯೇ ಬಂದರು, ಪೆನ್ಸಿಲು ಸಮೇತ. ಮೊದಲು ಶಿಶುವಿಹಾರದ ಬಾಗಿಲಲ್ಲಿ ಇಣುಕಿದರು. ತೊಟ್ಟಿಲ ಕೆಳಗೆ ಸಾಲಾಗಿ ಕೂತಿದ್ದ ಗುಂಡುಕಲ್ಲುಗಳನ್ನು ಕಂಡು, "ಇದೇನು ಸಾರ್, ಅಡುಗೇನೂ ಇಲ್ಲೇನಾ?" ಎಂದರು. ಹೋಟೆಲಿನದು ಮಾತ್ರ ಕೆಲಸದ ಒತ್ತಡದಿಂದ ಮರಳಿ ಹೋಗಿತ್ತು, ಉಳಿದವನ್ನು ತಾಯಂದಿರು ಕೆಲವು ದಿನ ಇರಲೆಂದು ಬಿಟ್ಟಿದ್ದರು. ಉಪಕರಣಗಳು ಎಂದೆ. ಅವರು ಒಪ್ಪಿಕೊಂಡರು.

ಆಮೇಲೆ ಒಂದು ಸ್ಟೂಲು ಎಳೆದುಕೊಂಡು ಯಂತ್ರಗಳ ನಡುವೆ ಕೂತರು. ಬೆಳಿಗ್ಗೆಯೆಲ್ಲ ಒಬ್ಬೊಬ್ಬರ ಹತ್ತಿರವೂ ಹೋಗಿ ಲಡಿ ಹಿಡಿದು ಎಳೆದು ನೋಡಿದರು. ಬಾಗೂರಿನವಳ ಲಡಿಯನ್ನು ಎಳೆದು ನೋಡಿ ಸ್ಟೂಲನ್ನೇ ಅವಳ ಪಕ್ಕಕ್ಕೆ ಸರಿಸಿಕೊಂಡರು. ಕೆಲಸ ಬರುತ್ತದೆಯೇ ಎಂಬ ಪ್ರಶ್ನೆ ಅಲ್ಲಿಗೆ ಮುಗಿದಿತ್ತು. ಅವರು ಕಾಯುತ್ತಿದ್ದುದು ಇನ್ನೊಂದಕ್ಕೆ. ಅದು ಅವಳಿಗೂ ಗೊತ್ತಿತ್ತು.

ಊಟಕ್ಕೆ ಮುಂಚೆ ಪಕ್ಕದ ಕೋಣೆಯಿಂದ ಒಂದು ಅಳು ಎದ್ದಿತು. ತಾಯಂದಿರಿಗೆ ಅಳು ಅಂದರೆ ಅಳು ಮಾತ್ರವಲ್ಲ, ಅದರಲ್ಲಿ ವಿಳಾಸವಿರುತ್ತದೆ. ಉಳಿದವರೆಲ್ಲ ಕೆಲಸ ಮುಂದುವರಿಸಿದರು. ಬಾಗೂರಿನವಳ ತಲೆ ಬಾಗಿಲ ಕಡೆ ತಿರುಗಿತು. ಅದೇ ಕ್ಷಣ ಅವಳ ರಾಟೆಯಲ್ಲಿ ಒಂದು ಎಳೆ ಹರಿಯಿತು. ಮೇಸ್ತ್ರಿ ಕಿವಿಯಿಂದ ಪೆನ್ಸಿಲು ತೆಗೆದರು. ನಾನು ಕಿಟಕಿಯ ಹೊರಗೆ ನೋಡುವಂತೆ ನಟಿಸಿದೆ.

ಅತ್ತೆ ಬಾಗಿಲಲ್ಲಿ ಕಾಣಿಸಿಕೊಂಡಳು, ಅಳುವ ಮೊಮ್ಮಗ ಹೆಗಲ ಮೇಲೆ.

"ಏಯ್, ಈ ಕಡೆ ಏನ್ ನೋಡ್ತೀಯ? ಹರಿದಿರೋ ಎಳೆ ಆ ಕಡೆ ಐತೆ."

ಸೊಸೆ ರಾಟೆ ನಿಲ್ಲಿಸಿದಳು, ಎಳೆ ಕೂಡಿಸಿದಳು, ಓಡಿಸಿದಳು. ಅಳು ಹೆಗಲ ಮೇಲೆ ಇನ್ನೆರಡು ಸುತ್ತು ಹಾಕಿ ತಣ್ಣಗಾಯಿತು. ಹಾಲು ಕುಡಿಸುವ ಬಿಡುವಿನ ಗಂಟೆ ಹೊಡೆದಾಗ ಅವಳು ಹೋದಳು. ಬಿಡುವು ಮುಗಿಯುವ ಮುಂಚೆಯೇ ಸೆರಗು ಸರಿಮಾಡಿಕೊಳ್ಳುತ್ತಾ ಬಂದಳು. ಮೇಸ್ತ್ರಿ ಗಡಿಯಾರ ನೋಡಿ, ಜೇಬಿಗೆ ಹಾಕಿ, ಎದ್ದು ಶಿಶುವಿಹಾರಕ್ಕೆ ಹೋದರು. ನಾನೂ ಹಿಂದೆ ಹೋದೆ.

"ಏನಜ್ಜಿ," ಎಂದರು. "ಇವತ್ತೇನೋ ಸರಿ. ನಾಳೆ ಮಗೂಗೆ ಜ್ವರ ಬಂದ್ರೆ?"

"ಬಂದ್ರೆ ಕೂಸಿಗೆ ಬರುತ್ತೆ, ನಿನ್ನ ಮಷೀನಿಗೆ ಬರಲ್ಲ," ಎಂದಳು ಅತ್ತೆ, ತೊಟ್ಟಿಲು ತೂಗುವುದನ್ನು ನಿಲ್ಲಿಸದೆ. "ನಾನು ಆಸ್ಪತ್ರೆಗೆ ಎತ್ಕಂಡ್ ಹೋಗ್ತೀನಿ. ಇಲ್ಲಿ ಉಳಿದೋರನ್ನ ಈ ಅಕ್ಕ ನೋಡ್ತಾಳೆ. ನನ್ನ ಸೊಸೆ ನಿನ್ನ ಕೆಲಸ ಮಾಡ್ತಾಳೆ. ಮತ್ತೇನಪ್ಪ ನಿಂದು?"

ಆಯಾ ತಲೆಯಾಡಿಸಿದರು. ಅತ್ತೆಯ ಮಾತಿಗೆ ಅವರು ತಲೆಯಾಡಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೇಸ್ತ್ರಿ ಹೊರಗೆ ಬಂದು ಬೇವಿನಮರದ ಕೆಳಗೆ ಬೀಡಿ ಹಚ್ಚಿದರು. "ಮಕ್ಕಳು ಇಲ್ಲೇ ಇರ್ತವೇನು, ಇವರು ನಮ್ಮಲ್ಲಿಗೆ ಬಂದ ಮೇಲೂ?"

"ಇಲ್ಲೇ. ಬಿಡುವಿನಲ್ಲಿ ತಾಯಂದಿರು ಬಂದು ಹೋಗುತ್ತಾರೆ. ನಿಮ್ಮ ಗೇಟಿನವನು ಬಿಡಬೇಕು, ಅಷ್ಟೆ."

"ಬಿಡ್ತಾನೆ," ಎಂದರು. "ಇಲ್ಲ ಅಂದ್ರೆ ಆ ಅಜ್ಜಿ ಗಿರಣಿಗೇ ಬರ್ತಾಳೆ."

ಸಂಕ್ರಾಂತಿ ಕಳೆದ ಮೇಲಿನ ಸೋಮವಾರ ಬಾಗೂರಿನವಳೂ, ಮಗುವಿದ್ದ ಉಳಿದ ಹೆಂಗಸರೂ ಗಿರಣಿಯ ರೀಲಿಂಗ್ ವಿಭಾಗಕ್ಕೆ ಸೇರಿದರು. ಅವಳ ಗಂಡ ಆ ವರ್ಷ ಅಣ್ಣತಮ್ಮಂದಿರ ಜೊತೆ ಕುರಿ ಹೊಡೆದುಕೊಂಡು ಕಾಲುವೆ ಸೀಮೆಗೆ ಹೋದ. ಅವಳು ಹಿರಿಯೂರಿನಲ್ಲಿ ಉಳಿದಳು.